ರೂಟರ್ ಯಾವ ದಾರಿ ಹಿಡಿಯುತ್ತದೆ?

ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮದೊಂದು ಸಣ್ಣ ಲ್ಯಾಬ್. ಸಿಸ್ಕೋ ಕಂಪನಿಯ ನೆಟ್‌ವರ್ಕ್ ಪರೀಕ್ಷೆ ಸಿಸಿಎನ್‌ಎ ಮುಗಿಸಿ, ಅದರ ಮುಂದಿನ ಹಂತದ ಸಿಸಿಎನ್‌ಪಿಗೆ ಓದಲು ಬಂದವರಿಗೆ ಮೊದಲ ದಿನವೇ ಈ ಲೆಕ್ಕ ಕೊಡುತ್ತೇನೆ. ರೂಟರಿನಲ್ಲಿ (ಡೇಟಾ ಪ್ಯಾಕೆಟ್‌ಗಳಿಗೆ ದಾರಿ ತೋರಿಸುವ ಯಂತ್ರ) 10.10.0.0/16ಕ್ಕೆ ಸ್ಟ್ಯಾಟಿಕ್ ರೂಟ್, ಅಂದರೆ ನಾವೇ ಕೈಯಾರೆ ಬರೆದ ದಾರಿ ಇದೆ, ಪಕ್ಕದ ರೂಟರ್ ಆರ್2 ಕಡೆಗೆ. 10.10.20.0/24ರ ದಾರಿ ಓಎಸ್‌ಪಿಎಫ್‌ನಿಂದ, ಅಂದರೆ ರೂಟರುಗಳು ತಮ್ಮತಮ್ಮಲ್ಲೇ ದಾರಿ ತಿಳಿಸಿಕೊಳ್ಳುವ ಪ್ರೋಟೋಕಾಲ್‌ನಿಂದ ಬಂದಿದೆ, ಆರ್3 ಕಡೆಗೆ. 10.10.20.5ಕ್ಕೆ ಹೊರಟ ಪ್ಯಾಕೆಟ್ ಎತ್ತ ಹೋಗುತ್ತದೆ?

‘ಆರ್2 ಸಾರ್. ಸ್ಟ್ಯಾಟಿಕ್ ಎಡಿ 1, ಓಎಸ್‌ಪಿಎಫ್‌ದು 110. ಕಮ್ಮಿ ಇರೋದೇ ಗೆಲ್ಲೋದು ಅಲ್ವಾ?’

ಅಲ್ಲ, ಆರ್3 ಕಡೆ ಹೋಗುತ್ತದೆ. ಎಡಿ, ಅಂದರೆ ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್ (ದಾರಿ ಹೇಳಿದ ಮೂಲವನ್ನು ಎಷ್ಟು ನಂಬಬೇಕೆಂಬ ಅಂಕ, ಕಮ್ಮಿ ಇದ್ದಷ್ಟೂ ನಂಬಿಕೆ ಜಾಸ್ತಿ), ಗೊತ್ತಿರುವವರೇ ಎಡವುವ ಜಾಗ ಇದು.

ಮೈಸೂರಿಂದ ಗಂಜಾಂಗೆ ಹೊರಟಿದ್ದೀರಿ ಅಂದುಕೊಳ್ಳಿ. ಒಂದು ಬೋರ್ಡು ‘ಮಂಡ್ಯ’ ಅನ್ನುತ್ತದೆ, ಇನ್ನೊಂದು ‘ಗಂಜಾಂ’ ಅಂತಲೇ ತೋರಿಸುತ್ತದೆ. ಗಂಜಾಂ ಇರುವುದು ಮಂಡ್ಯ ಜಿಲ್ಲೆಯಲ್ಲೇ ಆದರೂ ನೀವು ಯಾವ ಬೋರ್ಡು ಹಿಡಿಯುತ್ತೀರಿ? ರೂಟರ್ ಮಾಡುವುದೂ ಅಷ್ಟೇ. ಪ್ಯಾಕೆಟ್ ಬಂದಾಗ, ವಿಳಾಸಕ್ಕೆ ಹೊಂದುವ ದಾರಿಗಳಲ್ಲಿ ಅದು ನೋಡುವುದು ಪ್ರಿಫಿಕ್ಸ್‌ನ (ವಿಳಾಸದಲ್ಲಿ ಹೊಂದಬೇಕಾದ ಮೊದಲ ಭಾಗ) ಉದ್ದವನ್ನು ಮಾತ್ರ. /16ಕ್ಕಿಂತ /24 ಉದ್ದ, ಉದ್ದದ್ದೇ ಗೆಲ್ಲುತ್ತದೆ. ಎಡಿಗೆ ಕೆಲಸ ಬರುವುದು ಅದಕ್ಕೂ ಮೊದಲು, ದಾರಿಗಳ ಪಟ್ಟಿಯಾದ ರೂಟಿಂಗ್ ಟೇಬಲ್‌ಗೆ ಯಾರನ್ನು ಸೇರಿಸಬೇಕು ಎಂದು ತೀರ್ಮಾನಿಸುವಾಗ. /16 ಮತ್ತು /24 ಬೇರೆ ಬೇರೆ ಪ್ರಿಫಿಕ್ಸ್. ಅವೆರಡರ ನಡುವೆ ಜಗಳವೇ ಇಲ್ಲ, ಎರಡೂ ಟೇಬಲ್‌ನಲ್ಲಿ ಕೂರುತ್ತವೆ.

ಸುಮ್ನೆ ನಂಬಬೇಡಿ, ಮಾಡಿ ನೋಡಿ. ‘ಶೋ ಐಪಿ ರೂಟ್ 10.10.20.5’ ಕೊಟ್ಟರೆ ಓಎಸ್‌ಪಿಎಫ್ ಸಾಲೇ ಬರುತ್ತದೆ. ಈಗ ಸ್ಟ್ಯಾಟಿಕ್ ರೂಟನ್ನೂ /24 ಮಾಡಿ. ಇಬ್ಬರ ಪ್ರಿಫಿಕ್ಸ್ ಒಂದೇ ಆಯಿತು, ಎಡಿ ತೀರ್ಪು ಕೊಡುತ್ತದೆ. ಓಎಸ್‌ಪಿಎಫ್ ಸಾಲು ಮಾಯ, ಸ್ಟ್ಯಾಟಿಕ್‌ನ [1/0] ಬಂದು ಕೂರುತ್ತದೆ. ಆಮೇಲೆ ಅದೇ ಸ್ಟ್ಯಾಟಿಕ್ ಕಮಾಂಡ್‌ನ ಕೊನೆಗೆ 130 ಸೇರಿಸಿ, ಅದರ ಎಡಿ 110ಕ್ಕಿಂತ ಜಾಸ್ತಿ ಆಯಿತು. ಓಎಸ್‌ಪಿಎಫ್ ವಾಪಸ್ ಬರುತ್ತದೆ, ಸ್ಟ್ಯಾಟಿಕ್ ಬ್ಯಾಕಪ್ ಆಗಿ ಕಾಯುತ್ತದೆ. ಇದೇ ಫ್ಲೋಟಿಂಗ್ ಸ್ಟ್ಯಾಟಿಕ್. ಈ ಮೂರು ಹೆಜ್ಜೆಯನ್ನು ಕೈಯಾರೆ ಮಾಡಿದವರು ಮತ್ತೆ ಇದರಲ್ಲಿ ತಪ್ಪಿದ್ದನ್ನು ನಾನು ನೋಡಿಲ್ಲ.

[110/2] ಅಂತ ಕಂಡರೆ ಮೊದಲನೆಯದು ಎಡಿ, ಎರಡನೆಯದು ಮೆಟ್ರಿಕ್, ಅಂದರೆ ಆ ದಾರಿಯ ಖರ್ಚಿನ ಲೆಕ್ಕ. ಮೆಟ್ರಿಕ್ ಒಂದೇ ಪ್ರೋಟೋಕಾಲ್ ಒಳಗಿನ ವಿಷಯ. ಓಎಸ್‌ಪಿಎಫ್‌ನ 2ನ್ನು ಇನ್ನೊಂದು ಪ್ರೋಟೋಕಾಲ್ ಆದ ಇಐಜಿಆರ್‌ಪಿಯ ದೊಡ್ಡ ನಂಬರಿನ ಜೊತೆ ಹೋಲಿಸಿದರೆ ಅರ್ಥವಿಲ್ಲ, ಕಿಲೋಮೀಟರನ್ನು ಲೀಟರಿನ ಜೊತೆ ಅಳೆದ ಹಾಗೆ.

ಓಎಸ್‌ಪಿಎಫ್‌ನ ಮೆಟ್ರಿಕ್ ಆದ ಕಾಸ್ಟ್‌ನಲ್ಲಿ ಇನ್ನೊಂದು ಗುಂಡಿ ಇದೆ. ಸಿಸ್ಕೋ ರೂಟರ್ ಬಿಟ್ಟ ಹಾಗೇ ಬಿಟ್ಟರೆ 100 ಎಂಬಿಪಿಎಸ್ ಅನ್ನು ಲಿಂಕ್‌ನ ವೇಗದಿಂದ ಭಾಗಿಸುತ್ತದೆ. 1ಕ್ಕಿಂತ ಕಮ್ಮಿ ಬಂದರೆ 1 ಎಂದೇ ಇಡುತ್ತದೆ. ಹಾಗಾಗಿ 100 ಎಂಬಿಪಿಎಸ್‌ಗೂ 1, 10 ಜಿಬಿಪಿಎಸ್‌ಗೂ 1! ‘ಆಟೋ-ಕಾಸ್ಟ್ ರೆಫರೆನ್ಸ್-ಬ್ಯಾಂಡ್‌ವಿಡ್ತ್’ ಕಮಾಂಡ್‌ನಿಂದ ಆ 100 ಅನ್ನು ಬದಲಿಸಿ. ಎಲ್ಲ ರೂಟರಿನಲ್ಲೂ ಒಂದೇ ಬೆಲೆ ಕೊಡಿ, ಒಂದರಲ್ಲಿ ಮರೆತರೂ ಲೆಕ್ಕ ತಪ್ಪುತ್ತದೆ.

ಕಾಸ್ಟ್ ಕಮ್ಮಿ ಇದ್ದರೂ ಸೋಲುವ ದಾರಿಯೂ ಉಂಟು. ಒಂದೇ ಪ್ರಿಫಿಕ್ಸ್‌ಗೆ ಸ್ವಂತ ಏರಿಯಾದ (ಓಎಸ್‌ಪಿಎಫ್ ನೆಟ್‌ವರ್ಕನ್ನು ವಿಂಗಡಿಸುವ ಭಾಗ) ದಾರಿ 50, ಬೇರೆ ಏರಿಯಾದಿಂದ ಬಂದದ್ದು 10 ಇದ್ದರೆ ಗೆಲ್ಲುವುದು 50. ಓಎಸ್‌ಪಿಎಫ್ ದಾರಿಯ ಜಾತಿ ನೋಡಿ ಆಮೇಲೆ ಕಾಸ್ಟ್ ನೋಡುತ್ತದೆ. ಟೇಬಲ್‌ನ ಸಾಲಿನ ಶುರುವಿನಲ್ಲಿ ಬರೀ ‘ಓ’ ಇದ್ದರೆ ಸ್ವಂತ ಏರಿಯಾ, ‘ಓ ಐಎ’ ಇದ್ದರೆ ಬೇರೆ ಏರಿಯಾ.