ಎರಡೇ ನಿಮಿಷಕ್ಕೆ ಬಂದ್ ಬೀಳುವ ಪವರ್ ವೀಡರ್: ಪಾನಾ ಹಿಡಿಯುವ ಮೊದಲು ಮುಚ್ಚಳ ಸಡಿಲಿಸಿ

ಮುಂಗಾರಿನ ಹೆಸರು ಬೆಳೆಗೆ ಎಡೆ ಹೊಡೆಯುವ ಹೊತ್ತಿಗೆ ಅಣ್ಣಿಗೇರಿ, ನವಲಗುಂದ ಕಡೆ ಇದು ಮಾಮೂಲು. ಹಗ್ಗ ಎಳೆದರೆ ವೀಡರ್ (ಕಳೆ ತೆಗೆಯುವ ಮಷೀನು) ಚಾಲೂ ಆಗುತ್ತದೆ, ಅರ್ಧ ಸಾಲು ಹೋಗುತ್ತದೆ, ಎರಡು ಸಲ ಕೆಮ್ಮಿ ನಿಲ್ಲುತ್ತದೆ. ಮತ್ತೆ ಹಗ್ಗ. ರಟ್ಟೆ ಸೋತ ಮೇಲೆ ಯಾರೋ ಸ್ಕ್ರೂಡ್ರೈವರ್ ತಂದು ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಮೇಲೆ ಕಣ್ಣಿಗೆ ಬಿದ್ದ ಸ್ಕ್ರೂ ಎಲ್ಲಾ ತಿರುವುತ್ತಾರೆ. ಹೋದ ವರ್ಷ ನಮ್ಮ ಕಾಕಾ ಹೀಗೇ ಮಾಡಿ ಫೋನ್ ಹಚ್ಚಿದ್ದರು: "ತಮ್ಮಾ, ಮೊದಲ ಎರಡು ನಿಮಿಷಾರ ಓಡತಿತ್ತು, ಈಗ ಚಾಲೂನೂ ಆಗವಲ್ದು."

ಚಾಲೂ ಆಗುತ್ತದೆ ಅಂದರೆ ಪಿಸ್ಟನ್, ವಾಲ್ವ್ ಬಹುತೇಕ ಸರಿ ಇವೆ. ರಿಂಗ್ ಹೋಗಿದೆ ಅಂತ ಯಾರಾದರೂ ಹೇಳಿದರೆ ತಕ್ಷಣ ಹೂಂ ಅನ್ನಬೇಡಿ. ಎಂಜಿನ್ ಹೇಗೆ ನಿಲ್ಲುತ್ತದೆ ಅಂತ ಕಿವಿಗೊಟ್ಟು ಕೇಳಿ. ಕೆಮ್ಮಿ, ಕುಗ್ಗಿ ನಿಂತರೆ ಪೆಟ್ರೋಲ್ ಸಾಲುತ್ತಿಲ್ಲ. ಸ್ವಿಚ್ ಆರಿಸಿದ ಹಾಗೆ ಪಟ್ಟನೆ ನಿಂತರೆ ಆಯಿಲ್ ಅಥವಾ ಕರೆಂಟಿನ ಕಡೆ ನೋಡಬೇಕು. (ಇದೆಲ್ಲ ನಾಲ್ಕು ಸ್ಟ್ರೋಕಿನ ಪೆಟ್ರೋಲ್ ವೀಡರ್ ಮಾತು. ಡೀಸೆಲ್‌ದು ಬೇರೆ ಕಥೆ.)

ಮೊದಲು ಟ್ಯಾಂಕಿನ ಮುಚ್ಚಳ ಸ್ವಲ್ಪ ಸಡಿಲ ಬಿಟ್ಟು ಓಡಿಸಿ. ಸರಿಯಾಗಿ ಓಡಿತಾ? ಹಾಗಾದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ಪೆಟ್ರೋಲ್ ಇಳಿದ ಜಾಗಕ್ಕೆ ಗಾಳಿ ಹೋಗದಿದ್ದರೆ ಮುಂದಿನ ಪೆಟ್ರೋಲ್ ಇಳಿಯುವುದಿಲ್ಲ, ಅಷ್ಟೇ. ಎರಿ ಮಣ್ಣಿನ ಧೂಳು ಅಲ್ಲಿ ಹೆಪ್ಪುಗಟ್ಟಿರುತ್ತದೆ. ಕಾಕಾನ ಮಷೀನಿನಲ್ಲಿ ಧೂಳೂ ಅಲ್ಲ: ಪೆಟ್ರೋಲ್ ತುಳುಕದಿರಲಿ ಅಂತ ಮುಚ್ಚಳದ ಕೆಳಗೆ ಗೊಬ್ಬರದ ಚೀಲದ ಪ್ಲಾಸ್ಟಿಕ್ ತುಂಡು ಇಟ್ಟು ಬಿಗಿ ಮಾಡಿದ್ದರು. ಅದನ್ನು ಕಿತ್ತರೆ ಅರ್ಧ ರೋಗ ಹೋಯಿತು. ಇನ್ನರ್ಧ ಅವರೇ ತಿರುವಿದ ಸ್ಕ್ರೂ.

ಏರ್ ಫಿಲ್ಟರ್ ಸ್ಪಂಜಿನದಾದರೆ ತೆಗೆದು ತೊಳೆಯಿರಿ, ಒಣಗಿಸಿ, ಹಾಕಿ. ಕಾಗದದ್ದಾದರೆ ತೊಳೆಯಬೇಡಿ.

ಪೆಟ್ರೋಲ್ ಹಳೆಯದಾಗಿದ್ದರೆ ಪೂರ್ತಿ ಚೆಲ್ಲಿ, ಆದರೆ ಹೊಲದಲ್ಲಲ್ಲ. ಈಗ ಬಂಕಿನಲ್ಲಿ ಸಿಗುವುದರಲ್ಲಿ ಶೇಕಡಾ 20ರವರೆಗೂ ಎಥೆನಾಲ್ ಇರುತ್ತದೆ. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಹೋದ ಹಂಗಾಮಿನಲ್ಲಿ ಟ್ಯಾಂಕಿನಲ್ಲಿ ಬಿಟ್ಟ ಪೆಟ್ರೋಲಿಗೆ ಹೊಸದನ್ನು ಬೆರೆಸಿದರೆ ಆಗುತ್ತದೆ ಅನ್ನುವುದು ಸುಮ್ನೆ ಆಸೆ. ಬಾಟಲಿಯಲ್ಲಿ ಮಾರುವ ಪೆಟ್ರೋಲ್ 'ಟಾನಿಕ್'ಗಳಿಗೂ ದುಡ್ಡು ಹಾಕಬೇಡಿ, ಕಟ್ಟಿದ ಜೆಟ್ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಂಡು) ಅದರಿಂದ ಬಿಚ್ಚಿಕೊಂಡಿದ್ದನ್ನು ನಾನಂತೂ ನೋಡಿಲ್ಲ.

ಇನ್ನೂ ನಿಲ್ಲುತ್ತಿದ್ದರೆ ಚಾಕ್ (ಗಾಳಿ ತಡೆದು ಪೆಟ್ರೋಲ್ ಪಾಲು ಹೆಚ್ಚಿಸುವ ಹಿಡಿ) ಪರೀಕ್ಷೆ. ಎಂಜಿನ್ ಕುಗ್ಗುವ ಹೊತ್ತಿಗೆ ಚಾಕ್ ಅರ್ಧ ಎಳೆಯಿರಿ. ಚೇತರಿಸಿಕೊಂಡರೆ ಕಾರ್ಬುರೇಟರ್ ಜೆಟ್ ಕಟ್ಟಿದೆ ಅಂತಲೇ ಲೆಕ್ಕ. ಎಲ್ಲರೂ ಕೆಡಿಸುವುದು ಇಲ್ಲೇ, ಅದಕ್ಕೆ ನಿಧಾನಕ್ಕೆ ಹೇಳುತ್ತೇನೆ.

ಎಂಜಿನ್ ತಣ್ಣಗಾಗಲಿ. ಪ್ಲಗ್ಗಿನ ಟೋಪಿ ಕೀಳಿ. ಬೀಡಿ ಸೇದುವವರನ್ನು ದೂರ ಕಳಿಸಿ. ಪೆಟ್ರೋಲ್ ಕಾಕ್ ಬಂದ್ ಮಾಡಿ. ಕೆಳಗೆ ಅಗಲವಾದ ಬಿಳಿ ತಾಟು ಇಡಿ, ಇದು ಮುಖ್ಯ, ಯಾಕೆಂದರೆ ಬೀಳುವ ಸಾಮಾನು ಅಕ್ಕಿ ಕಾಳಿನಷ್ಟಿರುತ್ತದೆ ಮತ್ತು ಎರಿ ಹೊಲದ ಬಿರುಕಿಗೆ ಬಿದ್ದರೆ ಮುಗಿಯಿತು. ಕಾರ್ಬುರೇಟರ್ ಕೆಳಗಿನ ಬಟ್ಟಲನ್ನು ಹಿಡಿದಿರುವುದು ಒಂದೇ ಬೋಲ್ಟ್, ಸಾಮಾನ್ಯವಾಗಿ 10 ನಂಬರ್ ಪಾನಾ ಕೂರುತ್ತದೆ. ಬಟ್ಟಲು ಇಳಿಸಿ, ಅದರಲ್ಲಿರುವುದನ್ನು ತಾಟಿಗೆ ಸುರಿದು ನೋಡಿ. ತಳದಲ್ಲಿ ನೀರಿನ ಗುಂಡುಗಳು ಓಡಾಡಿದರೆ ಅಥವಾ ಬೆಲ್ಲದ ಪಾಕದಂಥ ಅಂಟು ಕಂಡರೆ ಅದೇ ಕಳ್ಳ.

ನಡುವಿನ ಕಂಬದೊಳಗೆ ಹಿತ್ತಾಳೆಯ ಮೇನ್ ಜೆಟ್ ಇದೆ. ಸ್ಕ್ರೂಡ್ರೈವರ್ ಬಾಯಿ ಜೆಟ್ಟಿನ ಗೀರಿಗೆ ಸರಿಯಾಗಿ ಕೂರಬೇಕು. ಚಿಕ್ಕದು ಹಾಕಿ ತಿರುವಿದರೆ ಹಿತ್ತಾಳೆ ಹರಿದು ಜೆಟ್ ಅಲ್ಲೇ ಉಳಿಯುತ್ತದೆ. ಬಿಚ್ಚಿದ ಮೇಲೆ ಆಕಾಶಕ್ಕೆ ಹಿಡಿದು ಒಂದು ಕಣ್ಣಲ್ಲಿ ನೋಡಿ: ದುಂಡಗಿನ ಬೆಳಕಿನ ಚುಕ್ಕೆ ಕಾಣಬೇಕು. ಅರ್ಧಚಂದ್ರ ಕಂಡರೆ ಇನ್ನೂ ಕಚರಾ ಇದೆ. ಸೂಜಿ, ಪಿನ್ನು ಹಾಕಬೇಡಿ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಎಂಜಿನ್ ಪೆಟ್ರೋಲ್ ಜಾಸ್ತಿ ಕುಡಿದು ಕಪ್ಪು ಹೊಗೆ ಬಿಡುತ್ತದೆ. ಕಚರಾ ತೆಗೆಯಲು ಕರೆಂಟ್ ವೈರಿನೊಳಗಿನ ತಾಮ್ರದ ಒಂದು ಎಳೆ ಸಾಕು. ಆಮೇಲೆ ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಹೊಡೆದು ಸೈಕಲ್ ಪಂಪಿನಿಂದ ಊದಿ. ಬಾಯಿಂದ ಊದುವವರನ್ನೂ ಕಂಡಿದ್ದೇನೆ. ಪೆಟ್ರೋಲ್ ಬಾಯಿಗೆ ಬಂದರೆ ಯಂತ್ರಕ್ಕಿಂತ ಮೊದಲು ನಿಮ್ಮನ್ನೇ ದವಾಖಾನೆಗೆ ಒಯ್ಯಬೇಕಾಗುತ್ತದೆ.

ಜೆಟ್ ಹಿಂದಿನ ತೂತು ತೂತಿನ ನಳಿಗೆಯೂ ಉದುರುತ್ತದೆ, ಅದನ್ನೂ ಹೀಗೇ ತೊಳೆಯಿರಿ. ಬಟ್ಟಲಿನ ರಬ್ಬರ್ ರಿಂಗ್ ಪೆಟ್ರೋಲಿಗೆ ಉಬ್ಬಿ ತನ್ನ ಗೀರಿನೊಳಗೆ ಕೂರದಿದ್ದರೆ ಕತ್ತರಿಸಲು ಹೋಗಬೇಡಿ. ನೆರಳಲ್ಲಿಡಿ, ಊಟ ಮಾಡಿ ಬರುವಷ್ಟರಲ್ಲಿ ಕುಗ್ಗಿರುತ್ತದೆ. ಕಾರ್ಬುರೇಟರ್ ಪಕ್ಕದ ಸಣ್ಣ ಸ್ಕ್ರೂ ಬಿಚ್ಚಲೇಬೇಕಾದರೆ ಮೊದಲು ಪೂರ್ತಿ ಒಳಗೆ, ಮೆತ್ತಗೆ ತಿರುವಿ, ಎಷ್ಟು ಸುತ್ತಾಯಿತು ಅಂತ ಬರೆದುಕೊಳ್ಳಿ. ಕಾಕಾ ಬರೆದುಕೊಂಡಿದ್ದರೆ ನನ್ನ ಒಂದು ಭಾನುವಾರ ಉಳಿಯುತ್ತಿತ್ತು.

ಪಟ್ಟನೆ ನಿಲ್ಲುವ ಎಂಜಿನ್ನಿಗೆ ಇದ್ಯಾವುದೂ ಬೇಡ. ಸಮತಟ್ಟು ನೆಲದಲ್ಲಿ ನಿಲ್ಲಿಸಿ ಆಯಿಲ್ ನೋಡಿ. ಅನೇಕ ಮಷೀನುಗಳಲ್ಲಿ ಆಯಿಲ್ ಕಡಿಮೆಯಾದರೆ ಎಂಜಿನ್ ತಾನೇ ನಿಲ್ಲಿಸುವ ಸೆನ್ಸರ್ ಇರುತ್ತದೆ. ಬದುವಿನ ಇಳಿಜಾರಲ್ಲಿ ವಾಲಿದಾಗಲೂ ಅದು ನಿಲ್ಲಿಸಬಹುದು. ಆ ವೈರ್ ಕತ್ತರಿಸಿ 'ರಿಪೇರಿ' ಮಾಡಿಕೊಡುವವರಿದ್ದಾರೆ. ಒಂದು ದಿನ ಆಯಿಲ್ ಇಲ್ಲದೆ ಓಡಿ ಎಂಜಿನ್ ಜಾಮ್ ಆದಾಗ ಅವರು ಫೋನ್ ಎತ್ತುವುದಿಲ್ಲ.

ಅರ್ಧ ತಾಸು ಚೆನ್ನಾಗಿ ಓಡಿ, ಬಿಸಿಯಾಗಿ ನಿಂತು, ತಣ್ಣಗಾದ ಮೇಲೆ ಮತ್ತೆ ಚಾಲೂ ಆಗುವುದಾದರೆ ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಮೇಲೆ ಸಂಶಯ ಪಡಿ. ನಿಂತ ತಕ್ಷಣ, ಬಿಸಿ ಇರುವಾಗಲೇ, ಬೇರೊಂದು ಪ್ಲಗ್ಗನ್ನು ಟೋಪಿಗೆ ಸಿಕ್ಕಿಸಿ ಎಂಜಿನ್ ಲೋಹಕ್ಕೆ ತಾಗಿಸಿ ಹಗ್ಗ ಎಳೆಯಿರಿ. ಪೆಟ್ರೋಲ್ ಚೆಲ್ಲಿದ ಜಾಗದಲ್ಲಿ ಮಾತ್ರ ಬೇಡ. ಕಿಡಿ ಬರದಿದ್ದರೆ ಕಾಯಿಲ್ ಬದಲಿಸಿ, ಅದಕ್ಕೆ ರಿಪೇರಿ ಇಲ್ಲ. ಹೊಸದನ್ನು ಕೂರಿಸುವಾಗ ಕಾಯಿಲ್ ಮತ್ತು ಫ್ಲೈವೀಲ್ ನಡುವೆ ಒಂದು ವಿಸಿಟಿಂಗ್ ಕಾರ್ಡ್ ಇಟ್ಟು ಬಿಗಿ ಮಾಡಿ, ಆಮೇಲೆ ಕಾರ್ಡ್ ಎಳೆದುಕೊಳ್ಳಿ. ಮದುವೆ ಕಾರ್ಡ್ ದಪ್ಪ, ಅದು ಬೇಡ.

ಹಂಗಾಮು ಮುಗಿದು ಮಷೀನನ್ನು ದನದ ಕೊಟ್ಟಿಗೆ ಮೂಲೆಗೆ ತಳ್ಳುವ ಮೊದಲು ಟ್ಯಾಂಕ್ ಖಾಲಿ ಮಾಡಿ, ಚಾಲೂ ಮಾಡಿ, ಬಟ್ಟಲಲ್ಲಿ ಉಳಿದದ್ದು ಮುಗಿದು ತಾನಾಗಿ ನಿಲ್ಲುವವರೆಗೆ ಬಿಡಿ.