ಪ್ರಶ್ನೆಯನ್ನು ಮಕ್ಕಳಿಂದಲೇ ಬರೆಸಿದ ಪುನರಾವರ್ತನೆ: ನನ್ನ ಅನುಭವ

ಹತ್ತನೆಯ ತರಗತಿಯ ಕನ್ನಡ ಪುನರಾವರ್ತನೆ ಎಂದರೆ ಜನವರಿಯಿಂದ ಮಾರ್ಚ್‌ವರೆಗೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸುವುದು ಎಂಬ ಪದ್ಧತಿ ನಮ್ಮ ಕೊಡಗಿನ ಶಾಲೆಗಳಲ್ಲಿಯೂ ಬೇರೂರಿದೆ. ನಾನು ಅದನ್ನು ಬದಿಗಿಟ್ಟು, ಓದಿದ ಭಾಗದ ಮೇಲೆ ಪ್ರಶ್ನೆಗಳನ್ನು ಮಕ್ಕಳಿಂದಲೇ ಬರೆಸತೊಡಗಿದಾಗ ಹಿರಿಯ ಸಹೋದ್ಯೋಗಿಯೊಬ್ಬರು, “ನಾಲ್ಕಂಕದ ಗದ್ಯಭಾಗಕ್ಕೆ ಇಷ್ಟೆಲ್ಲ ಸರ್ಕಸ್ ಯಾಕೆ ಮೇಡಂ? ಪಾಸಿಂಗ್ ಪ್ಯಾಕೇಜ್ ಮುಗಿಸಿ, ಸಾಕು” ಎಂದಿದ್ದರು. ಪಾಸಾಗಲು ಬೇಕಾದಷ್ಟನ್ನೇ ಆಯ್ದುಕೊಟ್ಟ ಪ್ರಶ್ನೋತ್ತರಗಳ ಕಟ್ಟಿಗೆ ಈ ಹೆಸರು. ಎರಡು ಬ್ಯಾಚುಗಳ ಉತ್ತರಪತ್ರಿಕೆಗಳನ್ನು ನೋಡಿದ ಮೇಲೆ ಅವರೇ ನನ್ನ ಹಾಳೆಗಳ ಕಟ್ಟನ್ನು ಒಂಬತ್ತನೆಯ ತರಗತಿಗೆಂದು ಕೇಳಿ ಒಯ್ದಿದ್ದಾರೆ. ಆದುದರಿಂದ ಇದನ್ನು ಬರೆಯುವ ಧೈರ್ಯ ಮಾಡಿದ್ದೇನೆ.

ಮೊದಲು ಫಲಿಸದ ದಾರಿಗಳನ್ನು ಹೇಳುತ್ತೇನೆ. ಸರದಿಯಂತೆ ಗಟ್ಟಿಯಾಗಿ ಓದಿಸಿದರೆ, ತನ್ನ ಪಾಲಿಗೆ ಯಾವ ಪ್ಯಾರಾ ಬರುತ್ತದೆಂದು ಎಣಿಸಿಕೊಂಡ ಮಗು ಅಲ್ಲಿಯವರೆಗೆ ಬೇರೆ ಏನನ್ನೂ ಕೇಳಿಸಿಕೊಳ್ಳುವುದಿಲ್ಲ. ಅಪಠಿತ ಗದ್ಯಾಂಶ (ಪಠ್ಯಪುಸ್ತಕದಲ್ಲಿಲ್ಲದ ಗದ್ಯವನ್ನು ಓದಿ ಉತ್ತರಿಸುವ ಆ ನಾಲ್ಕಂಕದ ಭಾಗ) ಕೊಟ್ಟರೆ, ಪ್ರಶ್ನೆಯಲ್ಲಿರುವ ಒಂದು ಪದವನ್ನು ಗದ್ಯದಲ್ಲಿ ಹುಡುಕಿ, ಆ ಪದವಿರುವ ವಾಕ್ಯವನ್ನು ಪೂರ್ಣವಿರಾಮದವರೆಗೆ ನಕಲು ಮಾಡಿ, ಅರ್ಥವೇ ಆಗದೆ ಪೂರ್ತಿ ಅಂಕ ಪಡೆಯುವವರು ತರಗತಿಯಲ್ಲಿ ಅರ್ಧದಷ್ಟಿದ್ದರು. ಪೇಟೆಯಿಂದ ಅಭ್ಯಾಸ ಪುಸ್ತಕಗಳನ್ನು ತರಿಸಿದ ವರ್ಷ ಸುಮಾರು ಎರಡೂವರೆ ಸಾವಿರ ರೂಪಾಯಿ ಕೈಬಿಟ್ಟಿತು. ಅವುಗಳ ಕೊನೆಯ ಪುಟಗಳಲ್ಲಿಯೇ ಉತ್ತರಗಳಿದ್ದುದರಿಂದ ಒಂದು ವಾರದೊಳಗೆ ಎಲ್ಲರ ಪುಸ್ತಕವೂ ‘ಪೂರ್ಣ’ವಾಗಿತ್ತು.

ಈಗಿನ ಕ್ರಮ ಹೀಗಿದೆ. ನಾಲ್ವರ ಗುಂಪಿಗೆ ಒಂದು ಹಾಳೆ. ಅದರಲ್ಲಿ ಎಂಟು–ಹತ್ತು ಸಾಲಿನ ಬರಹವಿರುತ್ತದೆ, ಪ್ರಶ್ನೆ ಒಂದೂ ಇರುವುದಿಲ್ಲ. ಗುಂಪು ಮೂರು ಬಗೆಯ ಪ್ರಶ್ನೆಗಳನ್ನು ಬರೆಯಬೇಕು: ಉತ್ತರ ಒಂದೇ ಸಾಲಿನಲ್ಲಿರುವುದು, ಎರಡು–ಮೂರು ಸಾಲುಗಳನ್ನು ಜೋಡಿಸಿದರೆ ಸಿಗುವುದು, ಎಲ್ಲಿಯೂ ಬರೆದಿಲ್ಲದಿದ್ದರೂ ಬರೆದದ್ದರಿಂದ ಊಹಿಸಬಹುದಾದದ್ದು. ಇವಕ್ಕೆ ಕ್ರಮವಾಗಿ ಒಂದು, ಎರಡು, ಮೂರು ಅಂಕ. ಊಹೆಯ ಪ್ರಶ್ನೆಗೆ ಆಧಾರವಾದ ಸಾಲನ್ನು ಬೆರಳಿಟ್ಟು ತೋರಿಸಲಾಗದಿದ್ದರೆ ಇದ್ದ ಅಂಕದಲ್ಲಿ ಒಂದನ್ನು ಕಳೆಯುತ್ತೇನೆ. ಈ ಕಳೆಯುವ ನಿಯಮ ಬರುವ ಮುನ್ನ ಊಹೆಯ ಹೆಸರಿನಲ್ಲಿ ಬಾಯಿಗೆ ಬಂದದ್ದೆಲ್ಲ ಪ್ರಶ್ನೆಯಾಗುತ್ತಿತ್ತು.

ಒಂದು ಹಾಳೆಯನ್ನು ಮಾತ್ರ ವಿವರವಾಗಿ ಹೇಳುತ್ತೇನೆ. ಮಳೆಗಾಲದಲ್ಲಿ ನಮ್ಮ ‘ಶಕ್ತಿ’ ಪತ್ರಿಕೆಯಲ್ಲಿ ಹಾರಂಗಿ ಜಲಾಶಯದ ವಿವರ ಬರುವುದನ್ನು ಜಿಲ್ಲೆಯವರೆಲ್ಲ ಬಲ್ಲರು: ಗರಿಷ್ಠ ಮಟ್ಟ 2859 ಅಡಿ, ಇಂದಿನ ಮಟ್ಟ, ಕಳೆದ ವರ್ಷ ಇದೇ ದಿನದ ಮಟ್ಟ, ಒಳಹರಿವು, ಹೊರಹರಿವು. ಈ ವರದಿಯನ್ನು ಕೊಟ್ಟಾಗ ಎಲ್ಲ ಗುಂಪುಗಳೂ ಮೊದಲು ಬರೆದದ್ದು “ಗರಿಷ್ಠ ಮಟ್ಟ ಎಷ್ಟು?” ಎಂಬುದನ್ನೇ. ಕಳೆದ ವರ್ಷದ ಮಟ್ಟ ಈ ವರ್ಷಕ್ಕಿಂತ ಹತ್ತು–ಹದಿನೈದು ಅಡಿ ಮೇಲಿದ್ದುದನ್ನು ಕಂಡ ಒಬ್ಬ ಹುಡುಗಿ, “ಕಳೆದ ವರ್ಷ ಮಳೆ ಬೇಗ ಹಿಡಿದಿತ್ತೇ?” ಎಂದು ಬರೆದಳು. ಪಕ್ಕದ ಗುಂಪಿನ ಹುಡುಗ ಸುಮ್ಮನಿರಲಿಲ್ಲ. ನೀರನ್ನು ಹೊರಗೆ ಬಿಡದೆ ಇಟ್ಟುಕೊಂಡಿದ್ದರೂ ಮಟ್ಟ ಏರಿರುತ್ತದೆ, ಕಳೆದ ವರ್ಷದ ಹೊರಹರಿವು ಈ ವರದಿಯಲ್ಲಿ ಎಲ್ಲಿದೆ ಎಂದು ಅವನು ಪಟ್ಟು ಹಿಡಿದ. ಕೊನೆಗೆ ಪ್ರಶ್ನೆಯೇ ಬದಲಾಯಿತು: “ಕಳೆದ ವರ್ಷ ಮಟ್ಟ ಹೆಚ್ಚಿದ್ದಕ್ಕೆ ಮಳೆಯೇ ಕಾರಣವೆಂದು ಈ ವರದಿಯಿಂದ ಹೇಳಬಹುದೇ?” ಹೇಳಲಾಗದು ಎಂಬುದೇ ಇದರ ಉತ್ತರ. ಇಂಥ ಪ್ರಶ್ನೆಯನ್ನು ಯಾವ ಗೈಡಿನಲ್ಲಿಯೂ ನಾನು ಕಂಡಿಲ್ಲ.

ಚರ್ಚೆಗೆ ಭಾಷೆಯ ಕಟ್ಟುಪಾಡು ಹಾಕಿಲ್ಲ. ನನ್ನ ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವ ಭಾಷೆಯನ್ನಾಡುವ ಮಕ್ಕಳಿದ್ದಾರೆ. ಜಗಳ ಯಾವ ಭಾಷೆಯಲ್ಲಿ ನಡೆದರೂ ಹಾಳೆಯ ಮೇಲೆ ಬರುವ ಪ್ರಶ್ನೆ ಮಾತ್ರ ಕನ್ನಡದಲ್ಲಿರಬೇಕು. ಗುಂಪಿನಲ್ಲಿ ಯಾರ ಜೊತೆ ಯಾರನ್ನು ಕೂರಿಸುತ್ತೇನೆ ಎಂಬ ಲೆಕ್ಕಾಚಾರ ಒಂದಿದೆ, ಅದನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟದ ಕಾರ್ಮಿಕರ ಲೈನ್‌ಮನೆಗಳ ಮಕ್ಕಳ ಹಾಜರಾತಿ ತೆಳುವಾಗುವುದರಿಂದ, ನಿನ್ನೆಯ ಹಾಳೆಯನ್ನು ಇಂದಿನದು ಅವಲಂಬಿಸದಂತೆ ಪ್ರತಿಯೊಂದನ್ನೂ ಸ್ವತಂತ್ರವಾಗಿ ಸಿದ್ಧಪಡಿಸಿದ್ದೇನೆ.

ನಿಜವಾದ ಲಾಭ ಬಂದದ್ದು ನಾಲ್ಕಂಕದ ಗದ್ಯದಲ್ಲಲ್ಲ, ಪಾಠದ ಒಂದು ಮಾತನ್ನು ಕೊಟ್ಟು ಅದರ ಆಯ್ಕೆ, ಸಂದರ್ಭ, ಸ್ವಾರಸ್ಯಗಳನ್ನು ಬರೆಯಿಸುವ ಮೂರಂಕದ ಸಂದರ್ಭ–ಸ್ವಾರಸ್ಯದಲ್ಲಿ. ಆಯ್ಕೆ, ಸಂದರ್ಭಗಳನ್ನು ಹೇಗೋ ಬರೆದು, ಮೂರನೆಯ ಭಾಗಕ್ಕೆ ಬಂದಾಗ “ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ” ಎಂದು ಮುಗಿಸುವ ಉತ್ತರಗಳನ್ನು ತಿದ್ದಿದವರಿಗೆಲ್ಲ ಆ ಬೇಸರ ಗೊತ್ತು. ಆ ಪದವನ್ನೇ ಉತ್ತರದಲ್ಲಿ ನಿಷೇಧಿಸಿ, ಮೊದಲು ಆ ಮಾತಿನ ಮೇಲೆ ಒಂದು ಊಹೆಯ ಪ್ರಶ್ನೆಯನ್ನು ಬರೆಯಿಸಿದೆ: ಈ ಪಾತ್ರ ಇಲ್ಲಿ ಸುಮ್ಮನಿರಬಹುದಿತ್ತಲ್ಲ, ಈ ಮಾತನ್ನು ಇವರಿಗೇ ಏಕೆ ಹೇಳಿತು? ಅದಕ್ಕೆ ಬರೆದ ಉತ್ತರವೇ ಸ್ವಾರಸ್ಯ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಮೊದಲು ಮೂರನೆಯ ಒಂದರಷ್ಟು ಮಕ್ಕಳು ಈ ಭಾಗವನ್ನು ಖಾಲಿ ಬಿಡುತ್ತಿದ್ದರು, ಈಗ ಮೂರೋ ನಾಲ್ಕೋ ಮಂದಿ ಇರಬಹುದು.

ಅಲಂಕಾರಕ್ಕೂ ಒಂದು ಪ್ರಯೋಗ ಮಾಡಿದೆ. ಲಕ್ಷಣವನ್ನು ಉರುಹೊಡೆಸದೆ, “ತೋಟದ ಕಾಫಿ ಹೂವು ಮಂಜಿನಂತೆ ಬಿಳುಪಾಗಿತ್ತು” ಎಂಬ ವಾಕ್ಯವನ್ನು ಕೊಟ್ಟು, ‘ಅಂತೆ’ಯನ್ನು ತೆಗೆದು ಮತ್ತೆ ಬರೆಯಲು ಹೇಳಿದೆ. “ತೋಟದ ತುಂಬ ಹೂವೆಂಬ ಮಂಜು ಹಾಸಿತ್ತು” ಎಂದು ಒಬ್ಬರು ಬರೆದೊಡನೆ ಉಪಮೆ ರೂಪಕವಾದದ್ದು ಎಲ್ಲರಿಗೂ ಕಂಡಿತು. ಹೋಲಿಕೆಯನ್ನು ಸೂಚಿಸುವ ವಾಚಕಪದ ಯಾವುದೆಂದು ಮತ್ತೆ ಕೇಳುವ ಅಗತ್ಯ ಬೀಳಲಿಲ್ಲ. ಭಾಮಿನಿ ಷಟ್ಪದಿಯ 3, 4, 3, 4 ಮಾತ್ರೆಗಳನ್ನು ಪ್ರಸ್ತಾರಕ್ಕೆ ಮುನ್ನ ಡೆಸ್ಕಿನ ಮೇಲೆ ತಟ್ಟಿಸಿದೆ. ಕೊಡಗಿನ ಸುಗ್ಗಿಹಬ್ಬ ಪುತ್ತರಿಯಲ್ಲಿ ದುಡಿ ವಾದ್ಯ ಹಿಡಿಯುವ ಹುಡುಗನೊಬ್ಬ ಗುರು–ಲಘು ಹಾಕುವ ಮೊದಲೇ ಗಣ ಒಡೆಯುವ ಜಾಗವನ್ನು ತೋರಿಸುತ್ತಿದ್ದ. ಗಡಿಯಾರ ಹಿಡಿದು ಓದಿನ ವೇಗ ಅಳೆಯುವ ಪ್ರಯೋಗ ಮಾತ್ರ ಕೈಕೊಟ್ಟಿತು. ‘ಹೋಗಬೇಕಾಗಿದ್ದವರೆಲ್ಲರೂ’ ಎಂಬಂಥದ್ದೂ ಒಂದು ಪದ, ‘ಆ’ ಎಂಬುದೂ ಒಂದು ಪದ ಎಂದಾದರೆ ನಿಮಿಷಕ್ಕೆ ಇಷ್ಟು ಪದ ಎಂಬ ಎಣಿಕೆಗೆ ಬೆಲೆಯಿಲ್ಲ. ಅಕ್ಷರಗಳನ್ನು ಎಣಿಸಿ ನೋಡಿದೆ, ಸ್ವಲ್ಪ ಸರಿಹೋಯಿತು. ಆದರೆ ಆ ಎಣಿಕೆಗೇ ಅರ್ಧ ಪೀರಿಯಡ್ ಹೋಗುತ್ತಿತ್ತು.

ಖರ್ಚಿನ ಮಾತು. ನಮ್ಮ ಜುಲೈ ತಿಂಗಳಿನಲ್ಲಿ ಬರಿಯ ಜೆರಾಕ್ಸ್ ಹಾಳೆ ಬೀರುವಿನಲ್ಲಿಯೇ ಬೂಷ್ಟು ಹಿಡಿಯುತ್ತದೆ. ಮೊದಲ ವರ್ಷದ ಕಟ್ಟು ಹಾಗೆಯೇ ಹೋಯಿತು. ಆಮೇಲೆ ಲ್ಯಾಮಿನೇಷನ್ ಮಾಡಿಸಿದೆ. ಜೆರಾಕ್ಸೂ ಸೇರಿ ಹಾಳೆಯೊಂದಕ್ಕೆ ಇಪ್ಪತ್ತೈದರ ಆಸುಪಾಸು, ಅರವತ್ತು ಹಾಳೆ, ಮಾರ್ಕರ್‌ಗಳೆಲ್ಲ ಸೇರಿ ಎರಡು ಸಾವಿರದೊಳಗೆ ಮುಗಿಯಿತು. ಶಾಲಾ ಅನುದಾನದಲ್ಲಿ ಇದಕ್ಕೆ ಅವಕಾಶವಿಲ್ಲವೆಂದದ್ದರಿಂದ ಹಣ ನನ್ನದೇ. ಲ್ಯಾಮಿನೇಷನ್ನಿನ ಮೇಲೆ ವೈಟ್‌ಬೋರ್ಡ್ ಮಾರ್ಕರ್‌ನಿಂದ ಆಧಾರದ ಸಾಲಿಗೆ ಗೆರೆ ಎಳೆದು ಒರೆಸಬಹುದು. ರಾತ್ರಿ ಹಾಗೆಯೇ ಬಿಟ್ಟರೆ ಶಾಯಿ ಕಚ್ಚಿಕೊಳ್ಳುತ್ತದೆ; ಕೋವಿಡ್ ಕಾಲದಲ್ಲಿ ಉಳಿದ ಸ್ಯಾನಿಟೈಸರ್ ಅದಕ್ಕೆ ಚೆನ್ನಾಗಿ ಒದಗಿತು. ಮೂರನೆಯ ಬ್ಯಾಚಿಗೂ ಅವೇ ಹಾಳೆಗಳು ನಡೆಯುತ್ತಿವೆ, ಹಾರಂಗಿಯದ್ದನ್ನು ಮಾತ್ರ ಪ್ರತಿವರ್ಷ ಹೊಸದಾಗಿ ಮಾಡಿಸುತ್ತೇನೆ.

ಪ್ರಬಂಧ ಮತ್ತು ಪತ್ರಲೇಖನಗಳಿಗೆ ಈ ಕ್ರಮದಿಂದ ಹೇಳಿಕೊಳ್ಳುವಂಥ ಪ್ರಯೋಜನವೇನೂ ಆಗಿಲ್ಲ. ಅವನ್ನು ಈಗಲೂ ಹಳೆಯ ರೀತಿಯಲ್ಲಿಯೇ, ಬರೆಸಿ ತಿದ್ದಿ ಮತ್ತೆ ಬರೆಸಿ, ಶನಿವಾರದ ಬೆಳಗಿನ ತರಗತಿಯಲ್ಲಿ ಮುಗಿಸುತ್ತೇನೆ.