ಹಿಂದುಳಿದ ತಾಲೂಕಿನಲ್ಲಿ ದಂತ ಚಿಕಿತ್ಸಾಲಯ: ಸರ್ಕಾರದ ನೆರವು ಪಡೆಯುವ ಕ್ರಮ

ಬಿಡಿಎಸ್ ಮುಗಿಸಿ ರಾಯಚೂರು, ಕೊಪ್ಪಳ ಅಥವಾ ಬಳ್ಳಾರಿ ಜಿಲ್ಲೆಯ ಹಳ್ಳಿಗಾಡಿನಲ್ಲಿ ನೆಲೆಯೂರಲು ಬಯಸುವ ದಂತವೈದ್ಯರು ತಮ್ಮ ಹೆಸರಿನಲ್ಲೇ ಒಂದು ಪ್ರತ್ಯೇಕ ಪ್ರೋತ್ಸಾಹಧನ ಯೋಜನೆ ಸಿಗುತ್ತದೆಂದು ಕಾಯುತ್ತ ಕೂರಬಾರದು. ನೆರವು ಹಲವು ಇಲಾಖೆಗಳಲ್ಲಿ ಹಂಚಿಹೋಗಿದ್ದು, ಯಾವುದನ್ನು ಯಾವಾಗ ಕೇಳಬೇಕೆಂದು ತಿಳಿದವರಿಗೆ ಮಾತ್ರ ಅದು ದಕ್ಕುತ್ತದೆ.

ಸರ್ಕಾರಿ ನೌಕರಿಯ ಕಡೆಗೆ ಒಲವಿರುವವರು ಸಹಾಯಕ ಆಯುಕ್ತರ ಕಚೇರಿಯಿಂದ, ತಾವು ಕಲ್ಯಾಣ ಕರ್ನಾಟಕದ ಸ್ಥಳೀಯರೆಂದು ದೃಢೀಕರಿಸುವ 371(ಜೆ) ಪ್ರಮಾಣಪತ್ರವನ್ನು ಮೊದಲು ಮಾಡಿಸಿಕೊಳ್ಳಬೇಕು. ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದಲ್ಲಿ, ಅಂದರೆ ಈ ಭಾಗದ ಕಚೇರಿಗಳ ಹುದ್ದೆಗಳಲ್ಲಿ, ಎ ಮತ್ತು ಬಿ ಗುಂಪಿನ ಹುದ್ದೆಗಳ ಶೇ 75ರಷ್ಟು ಈ ಭಾಗದವರಿಗೆ ಮೀಸಲಾಗಿವೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ಹುದ್ದೆಗೆ ಸೇರುವವರು ಕರಾರಿನಲ್ಲಿ ವೇತನ ಎಷ್ಟು, ಖಾಸಗಿ ವೃತ್ತಿಗೆ ಅವಕಾಶವಿದೆಯೇ ಎಂಬುದನ್ನು ಓದಿಯೇ ಸಹಿ ಹಾಕಬೇಕು. ಅಭಿಯಾನದ ದುರ್ಗಮ ಪ್ರದೇಶದ ಭತ್ಯೆ ತಜ್ಞವೈದ್ಯರನ್ನು ಉದ್ದೇಶಿಸಿದ್ದು; ಹುದ್ದೆಯ ಆದೇಶದಲ್ಲಿ ಬರೆದಿಲ್ಲದಿದ್ದರೆ ಅದನ್ನು ನಂಬಿ ಲೆಕ್ಕ ಹಾಕುವುದು ಬೇಡ.

ಸ್ವಂತ ಚಿಕಿತ್ಸಾಲಯ ತೆರೆಯುವವರಿಗೆ ನನ್ನ ಅಭಿಪ್ರಾಯದಲ್ಲಿ ಹೆಚ್ಚು ಉಪಯುಕ್ತವಾದದ್ದು ಬ್ಯಾಂಕ್ ಸಾಲದ ಜೊತೆಗೆ ಸಹಾಯಧನ ಕೊಡುವ ಕೇಂದ್ರದ ಯೋಜನೆಯಾದ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ, ಅಂದರೆ ಪಿಎಂಇಜಿಪಿ. ಸೇವಾ ವಲಯದಲ್ಲಿ ಯೋಜನಾ ವೆಚ್ಚದ ಮಿತಿ 20 ಲಕ್ಷ ರೂಪಾಯಿ. ಸಾಮಾನ್ಯ ವರ್ಗದವರಿಗೆ ಪಟ್ಟಣದಲ್ಲಿ ಶೇ 15, ಗ್ರಾಮೀಣ ಪ್ರದೇಶದಲ್ಲಿ ಶೇ 25 ಸಹಾಯಧನವಿದ್ದರೆ, ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗ ಹಾಗೂ ಅಲ್ಪಸಂಖ್ಯಾತರಿಗೆ ಅದು ಕ್ರಮವಾಗಿ ಶೇ 25 ಮತ್ತು ಶೇ 35 ಆಗುತ್ತದೆ. ರಾಯಚೂರು, ಹಿಂದುಳಿದ ಜಿಲ್ಲೆಗಳನ್ನು ಮೇಲೆತ್ತಲು ಕೇಂದ್ರ ಗುರುತಿಸಿರುವ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಪಟ್ಟಿಯಲ್ಲಿರುವುದರಿಂದ ಅಲ್ಲಿ ಸಾಮಾನ್ಯ ವರ್ಗದವರಿಗೂ ಈ ಹೆಚ್ಚಿನ ದರವೇ ಅನ್ವಯಿಸುತ್ತದೆ. ಕೊಪ್ಪಳ, ಬಳ್ಳಾರಿಗಳಿಗೆ ಆ ಅನುಕೂಲವಿಲ್ಲ.

ಇದರ ಪರಿಣಾಮವನ್ನು ಅಂಕಿಗಳಲ್ಲಿಯೇ ನೋಡಬಹುದು. ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದಲ್ಲೇ ಅತ್ಯಂತ ಹಿಂದುಳಿದದ್ದೆಂದು ಗುರುತಿಸಿದ, ರಾಯಚೂರು ಜಿಲ್ಲೆಯ ದೇವದುರ್ಗ ತಾಲೂಕಿನ ಹಳ್ಳಿಯೊಂದರಲ್ಲಿ 12 ಲಕ್ಷ ರೂಪಾಯಿಯ ಯೋಜನೆ ಹಾಕಿದರೆ, ಕೈಯಿಂದ ಹಾಕಬೇಕಾದದ್ದು ಶೇ 5, ಅಂದರೆ 60,000 ರೂಪಾಯಿ, ಉಳಿದ 11.40 ಲಕ್ಷವನ್ನು ಬ್ಯಾಂಕು ಕೊಡುತ್ತದೆ. ಸಹಾಯಧನದ 4.20 ಲಕ್ಷ ನಿಮ್ಮ ಕೈಗೆ ಬರುವುದಿಲ್ಲ. ಅದು ಬ್ಯಾಂಕಿನಲ್ಲಿ ನಿಮ್ಮ ಹೆಸರಿನ ಠೇವಣಿಯಾಗಿ ಮೂರು ವರ್ಷ ಇರುತ್ತದೆ. ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಹಾಕುವುದಿಲ್ಲವಾದ್ದರಿಂದ ಆರಂಭದಲ್ಲಿ ಬಡ್ಡಿ ಬೀಳುವುದು 7.20 ಲಕ್ಷಕ್ಕೆ ಮಾತ್ರ. ಅದೇ ಚಿಕಿತ್ಸಾಲಯ ದೇವದುರ್ಗ ಪಟ್ಟಣದಲ್ಲಿದ್ದರೆ ಸಹಾಯಧನ 3 ಲಕ್ಷಕ್ಕೆ ಇಳಿಯುತ್ತದೆ. ಹಾಗೆಂದು 1.20 ಲಕ್ಷದ ಆಸೆಗೆ ಬಸ್ಸೂ ನಿಲ್ಲದ ಊರನ್ನು ಆರಿಸಿಕೊಳ್ಳುವುದು ಜಾಣತನವಲ್ಲ. ಸಂತೆ ಸೇರುವ ಹೋಬಳಿ ಕೇಂದ್ರವಾದರೆ ಸುತ್ತಲಿನ ಹಳ್ಳಿಗಳವರು ಸಂತೆಯ ದಿನ ಹಲ್ಲನ್ನೂ ತೋರಿಸಿಕೊಂಡು ಹೋಗುತ್ತಾರೆ.

ಅರ್ಜಿಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸುವ ಮುನ್ನ ಆ ವರ್ಷಕ್ಕೆ ಜಿಲ್ಲೆಗೆ ಕೊಟ್ಟ ಗುರಿಯಲ್ಲಿ ಇನ್ನೂ ಅವಕಾಶ ಉಳಿದಿದೆಯೇ ಎಂದು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಬೇಕು. ಈ ಯೋಜನೆ ಹೊಸ ಘಟಕಗಳಿಗೆ ಮಾತ್ರವಾದ್ದರಿಂದ ಮಂಜೂರಾತಿಗೆ ಮೊದಲೇ ಕುರ್ಚಿ, ಕಂಪ್ರೆಸರ್ ಕೊಂಡು ರೋಗಿಗಳನ್ನು ನೋಡತೊಡಗಿದರೆ ಸಹಾಯಧನದ ಆಸೆ ಬಿಡಬೇಕಾಗುತ್ತದೆ. ಒಂದು ಕುಟುಂಬದಲ್ಲಿ ಒಬ್ಬರಿಗಷ್ಟೇ ಅವಕಾಶವಿರುವುದರಿಂದ ಗಂಡ ಹೆಂಡತಿ ಇಬ್ಬರೂ ದಂತವೈದ್ಯರಾಗಿದ್ದರೆ, ಹೆಚ್ಚಿನ ದರಕ್ಕೆ ಅರ್ಹರಾದವರ ಹೆಸರಿನಲ್ಲಿ ಅರ್ಜಿ ಹಾಕುವುದು ಲೇಸು. ಜಾಗದ ಬೆಲೆಯನ್ನು ಯೋಜನಾ ವೆಚ್ಚದಲ್ಲಿ ಸೇರಿಸುವಂತಿಲ್ಲ.

ಯೋಜನಾ ವರದಿಯನ್ನು ಬೆಂಗಳೂರಿನ ಮಾದರಿ ನೋಡಿ ನಕಲು ಮಾಡಬೇಡಿ. ಇಲ್ಲಿಯ ಕೊಳವೆಬಾವಿಗಳ ಸವಳು ನೀರು ಹ್ಯಾಂಡ್‌ಪೀಸ್ (ಹಲ್ಲು ಕೊರೆಯುವ ಉಪಕರಣ) ಮತ್ತು ಆಟೊಕ್ಲೇವ್‌ಗಳಲ್ಲಿ (ಉಪಕರಣಗಳನ್ನು ಹಬೆಯಿಂದ ಕ್ರಿಮಿಮುಕ್ತಗೊಳಿಸುವ ಯಂತ್ರ) ಬಿಳಿ ಪದರ ಕಟ್ಟಿಸುತ್ತದೆ. ಶುದ್ಧ ನೀರಿನ ವ್ಯವಸ್ಥೆ, ಇನ್ವರ್ಟರ್, ಸ್ಟೆಬಿಲೈಸರ್‌ಗಳ ವೆಚ್ಚ ವರದಿಯಲ್ಲೇ ಇರಲಿ. ಫ್ಲೋರೈಡ್‌ನಿಂದ ಕಲೆಗಟ್ಟಿದ ಹಲ್ಲುಗಳು ಈ ಜಿಲ್ಲೆಗಳಲ್ಲಿ ಸಾಮಾನ್ಯವಾದ್ದರಿಂದ, ಆದಾಯದ ಅಂದಾಜಿನಲ್ಲಿ ಅವುಗಳ ಚಿಕಿತ್ಸೆಯನ್ನು ಪ್ರತ್ಯೇಕವಾಗಿ ತೋರಿಸಿದರೆ ಬ್ಯಾಂಕಿನವರಿಗೂ ಬೇಡಿಕೆ ಮನವರಿಕೆಯಾಗುತ್ತದೆ.

ಪಿಎಂಇಜಿಪಿ ಸಿಗದಿದ್ದರೆ 10 ಲಕ್ಷದವರೆಗಿನ ಮುದ್ರಾ ಸಾಲವಿದೆ. ಅದಕ್ಕೆ ಅಡಮಾನ ಬೇಡ, ಆದರೆ ಸಹಾಯಧನವೂ ಇಲ್ಲ.

ಬಾಗಿಲು ತೆರೆಯುವ ಮುನ್ನ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ನೋಂದಣಿ, ಜೈವಿಕ ವೈದ್ಯಕೀಯ ತ್ಯಾಜ್ಯದ ಅನುಮತಿ, ಎಕ್ಸ್‌ರೇ ಯಂತ್ರಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನೋಂದಣಿ ಮುಗಿದಿರಬೇಕು. ಮೂರು ವರ್ಷಗಳ ನಂತರ ಸ್ಥಳ ಪರಿಶೀಲನೆ ನಡೆದು, ಘಟಕ ನಡೆಯುತ್ತಿದೆ ಎಂದು ಖಚಿತವಾದ ಮೇಲೆಯೇ ಠೇವಣಿಯ ಹಣ ಸಾಲಕ್ಕೆ ಜಮೆಯಾಗುತ್ತದೆ. ಆದ್ದರಿಂದ ಬಿಲ್ಲುಗಳು, ನೋಂದಣಿ ಪತ್ರಗಳು, ರೋಗಿಗಳ ದಾಖಲೆ ಪುಸ್ತಕ ಎಲ್ಲವೂ ಅಲ್ಲಿಯವರೆಗೆ ಚಿಕಿತ್ಸಾಲಯದಲ್ಲೇ ಇರಲಿ.